ಅಪ್‌ಡೇಟ್: ಲಿಬ್ರೆಆಫೀಸ್‌ನಲ್ಲಿ ಕನ್ನಡ ಫಾಂಟ್ ಕೊನೆಗೂ ಸರಿಹೋಯಿತು

ಹೋದ ತಿಂಗಳು ಕೇಳಿದ್ದೆ. ಹಳೆಯ ಆಫೀಸ್ ಸಾಫ್ಟ್‌ವೇರ್ ಬಿಟ್ಟು ಲಿಬ್ರೆಆಫೀಸ್‌ಗೆ ಬಂದಿದ್ದೇನೆ, ಅದರ ಬರವಣಿಗೆಯ ಪ್ರೋಗ್ರಾಂ ರೈಟರ್‌ನಲ್ಲಿ ಸ್ಟೈಲ್‌ನ (ಅಕ್ಷರ ಹೇಗೆ ಕಾಣಬೇಕೆಂಬ ಸೆಟ್ಟಿಂಗ್‌ನ) ಫಾಂಟ್ ಎಷ್ಟು ಸಲ ಬದಲಿಸಿದರೂ ಕನ್ನಡ ಅಕ್ಷರ ಮಾತ್ರ ಹಾಗೇ ಇರುತ್ತದೆ, ಯಾಕೆ ಅಂತ. ಉತ್ತರ ಕೊಟ್ಟವರಿಗೆಲ್ಲ ತುಂಬಾ ಥ್ಯಾಂಕ್ಸ್. ನೀವು ಹೇಳಿದ್ದೇ ಕಾರಣ.

ರೈಟರ್ ಇಂಗ್ಲಿಷ್‌ಗೆ ಒಂದು ಫಾಂಟ್, ಕನ್ನಡದಂಥ ಲಿಪಿಗಳಿಗೆ ಬೇರೆ ಫಾಂಟ್ ಇಟ್ಟುಕೊಳ್ಳುತ್ತದೆ. ನಾನು ಇಷ್ಟು ದಿನ ಇಂಗ್ಲಿಷ್ ಭಾಗವನ್ನೇ ತಿದ್ದುತ್ತಿದ್ದೆ. ಈಗ ಟೂಲ್ಸ್ ಮೆನುವಿನ ಆಪ್ಷನ್ಸ್‌ಗೆ ಹೋಗಿ, ಭಾಷೆಯ ಸೆಟ್ಟಿಂಗ್‌ನಲ್ಲಿ ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್‌ಗೆ (ಕನ್ನಡದಂಥ ಲಿಪಿಗಳ ಭಾಗ ಅದೇ) ಕನ್ನಡ ಆರಿಸಿದೆ. ಆಮೇಲೆ ಎಫ್11 ಒತ್ತಿ, ಸ್ಟೈಲ್‌ಗಳ ಪಟ್ಟಿಯಲ್ಲಿ ಡೀಫಾಲ್ಟ್ ಸ್ಟೈಲ್ ತೆರೆದು, ಕಾಂಪ್ಲೆಕ್ಸ್ ಭಾಗದಲ್ಲಿ ನೋಟೋ ಸೆರಿಫ್ ಕನ್ನಡ, ಗಾತ್ರ 12 ಅಂತ ಕೊಟ್ಟೆ. 40 ಪುಟ ಒಂದೇ ಸಲಕ್ಕೆ ಸರಿಹೋಯಿತು! ಎಷ್ಟು ಖುಷಿಯಾಯಿತು ಗೊತ್ತಾ? ಅದನ್ನೇ ಡೀಫಾಲ್ಟ್ ಟೆಂಪ್ಲೇಟ್ (ಹೊಸ ಫೈಲ್‌ಗಳಿಗೆಲ್ಲ ಮಾದರಿ) ಆಗಿ ಉಳಿಸಿದ್ದೇನೆ. ಇನ್ನು ಪ್ರತಿ ಸಲ ತಿದ್ದಬೇಕಾಗಿಲ್ಲ.

ಮೆನು ಹುಡುಕುವ ಕಷ್ಟವೂ ಕಮ್ಮಿಯಾಗಿದೆ. ವ್ಯೂ ಮೆನುವಿನ ಯೂಸರ್ ಇಂಟರ್‌ಫೇಸ್‌ನಲ್ಲಿ ಟ್ಯಾಬ್ಡ್ ಆರಿಸಿದರೆ ಸುಮಾರು ಹಳೆಯದರ ಥರವೇ ಕಾಣುತ್ತದೆ. ಲೆಕ್ಕದ ಹಾಳೆಯ ಪ್ರೋಗ್ರಾಂ ಕ್ಯಾಲ್ಕ್‌ನಲ್ಲಿ, ಪಟ್ಟಿಯಿಂದ ಮಾಹಿತಿ ಹುಡುಕಿಕೊಡುವ ವಿಲುಕಪ್ ಸೂತ್ರ ಮೊದಲಿನ ಹಾಗೇ ನಡೆಯುತ್ತಿದೆ. ಕೆಲಸವನ್ನು ತಾನಾಗಿಯೇ ಮಾಡಿಸುವ ಮ್ಯಾಕ್ರೋಗಳಿಗೆ ಇನ್ನೂ ಕೈ ಹಾಕಿಲ್ಲ. ಅದು ಮುಂದಿನ ವಾರ.