ಆಲನ್‌ಗೆ ಕೊಟ್ಟಿದ್ದು ಸರೀನಾ? 2024ರ ಎನ್‌ಎಫ್‌ಎಲ್ ಎಂವಿಪಿ ಲೆಕ್ಕ

ಕೊನೇಬೆಂಚು:
ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನಲ್ಲಿ 2024ರ ಸೀಸನ್ನಿನ ಎಂವಿಪಿ (ಅತ್ಯಂತ ಮೌಲ್ಯಯುತ ಆಟಗಾರ ಪ್ರಶಸ್ತಿ) ಬಫಲೋ ಬಿಲ್ಸ್ ತಂಡದ ಜಾಶ್ ಆಲನ್‌ಗೆ ಹೋಯ್ತು, ಬಾಲ್ಟಿಮೋರ್ ರೇವನ್ಸ್‌ನ ಲಮಾರ್ ಜಾಕ್ಸನ್ ಎರಡನೇ ಸ್ಥಾನಕ್ಕೆ ಬಂದ. ಇಬ್ಬರೂ ಕ್ವಾರ್ಟರ್‌ಬ್ಯಾಕ್, ಅಂದ್ರೆ ಚೆಂಡು ಎಸೆದು ದಾಳಿ ನಡೆಸೋರು. ಇಬ್ಬರ ಅಂಕಿಗಳನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಲಮಾರ್: 4,172 ಪಾಸಿಂಗ್ ಯಾರ್ಡ್ (ಎಸೆತದಿಂದ ಗಳಿಸಿದ ದೂರ), 41 ಟಚ್‌ಡೌನ್ (ಚೆಂಡನ್ನ ಎದುರಾಳಿಯ ಗೋಲ್ ಲೈನ್ ದಾಟಿಸೋದು), 4 ಇಂಟರ್‌ಸೆಪ್ಶನ್ (ಎಸೆತವನ್ನ ಎದುರಾಳಿ ಹಿಡಿಯೋದು). ಓಡಿದ್ದು 915 ಯಾರ್ಡ್, 4 ಟಚ್‌ಡೌನ್.
ಆಲನ್: 3,731 ಯಾರ್ಡ್, 28 ಟಚ್‌ಡೌನ್, 6 ಇಂಟರ್‌ಸೆಪ್ಶನ್. ಓಡಿದ್ದು 531 ಯಾರ್ಡ್, 12 ಟಚ್‌ಡೌನ್.

ಒಂದೇ ಸೀಸನ್‌ನಲ್ಲಿ 4,000 ಎಸೆದು 900 ಓಡಿದವನು ಲಮಾರ್‌ಗಿಂತ ಮೊದಲು ಯಾರೂ ಇಲ್ಲ. ಸಾಲದ್ದಕ್ಕೆ ಆಲ್-ಪ್ರೋ (ವರ್ಷದ ಶ್ರೇಷ್ಠ ಆಟಗಾರರ ಪಟ್ಟಿ) ಮೊದಲ ತಂಡದ ಕ್ವಾರ್ಟರ್‌ಬ್ಯಾಕ್ ಕೂಡ ಅವನೇ. ಅದನ್ನ ಆರಿಸಿದ ಮತದಾರರೇ ಎಂವಿಪಿ ಮಾತ್ರ ಆಲನ್‌ಗೆ ಹೇಗೆ ಕೊಟ್ಟರು? ಐಪಿಎಲ್‌ನಲ್ಲಿ ಪಾಯಿಂಟ್ ಕೂಡಿಸಿ ಕೈತೊಳೆದುಕೊಳ್ತಾರೆ, ಇಲ್ಲಿ ಹಾಗಿಲ್ವಾ? ಇನ್ನೊಂದು, 2,005 ಯಾರ್ಡ್ ಓಡಿದ ಈಗಲ್ಸ್ ತಂಡದ ರನ್ನಿಂಗ್ ಬ್ಯಾಕ್ (ಚೆಂಡು ಹಿಡಿದು ಓಡೋನು) ಸೇಕ್ವಾನ್ ಬಾರ್ಕ್ಲಿ ಹೆಸರನ್ನೇ ಯಾಕೆ ಯಾರೂ ಎತ್ತಲ್ಲ?

ನಾಲ್ಕನೇ_ಡೌನ್:
ಇಲ್ಲಿ ಸೂತ್ರ ಗೀತ್ರ ಏನಿಲ್ಲ, ಪೂರ್ತಿ ಮತದಾನ. ಸುದ್ದಿಸಂಸ್ಥೆ ಅಸೋಸಿಯೇಟೆಡ್ ಪ್ರೆಸ್ (ಎಪಿ) ಆರಿಸಿದ 50 ಮಾಧ್ಯಮದವರು ತಲಾ ಐದು ಹೆಸರು ಬರೀತಾರೆ. ಮೊದಲನೆಯದಕ್ಕೆ 10 ಪಾಯಿಂಟ್, ಆಮೇಲೆ 5, 3, 2, 1. ಈ ಪದ್ಧತಿ ಬಂದಿದ್ದು 2022ರಲ್ಲಿ, ಅದಕ್ಕೂ ಮುಂಚೆ ಒಂದೇ ಹೆಸರು ಬರೆಯೋದಿತ್ತು. ಲೀಗ್ ಪಂದ್ಯಗಳು ಮುಗಿದು ಪ್ಲೇಆಫ್ ಶುರುವಾಗೋದರೊಳಗೆ ಮತ ಹಾಕಿ ಮುಗಿದಿರುತ್ತೆ. ‘ಮೌಲ್ಯ’ ಅಂದ್ರೆ ಏನು ಅಂತ ಎಪಿ ಎಲ್ಲೂ ಬರೆದುಕೊಟ್ಟಿಲ್ಲ. ಎಲ್ಲ ಜಗಳದ ಬೇರು ಅಲ್ಲೇ ಇದೆ.

ಆಲನ್‌ಗೆ 27 ಮೊದಲ ಸ್ಥಾನ, ಒಟ್ಟು 383. ಲಮಾರ್‌ಗೆ 23 ಮೊದಲ ಸ್ಥಾನ, ಒಟ್ಟು 362. ಬಿಡಿಸಿ ನೋಡಿದ್ರೆ ಆಲನ್‌ಗೆ 22 ಎರಡನೇ ಸ್ಥಾನ, 1 ಮೂರನೇ ಸ್ಥಾನ. ಲಮಾರ್‌ಗೆ 26 ಎರಡನೇ ಸ್ಥಾನ, ಒಬ್ಬರು ಮಾತ್ರ ನಾಲ್ಕನೇ ಸ್ಥಾನಕ್ಕೆ ತಳ್ಳಿದ್ದಾರೆ. ಅಂತರ 21. ಒಬ್ಬ ಮತದಾರ ಇಬ್ಬರ ಸ್ಥಾನ ಅದಲುಬದಲು ಮಾಡಿದ್ರೆ 10 ಪಾಯಿಂಟ್ ಅಂತರ ಕರಗುತ್ತೆ. ಇಬ್ಬರು ಮನಸ್ಸು ಬದಲಿಸಿದ್ರೂ ಆಲನ್ 1 ಪಾಯಿಂಟ್‌ನಲ್ಲಿ ಗೆಲ್ತಿದ್ದ, ಮೂವರು ಬದಲಿಸಿದ್ರೆ ಟ್ರೋಫಿ ಬಾಲ್ಟಿಮೋರ್‌ಗೆ. ‘ಆಲನ್ ಸುಲಭವಾಗಿ ಗೆದ್ದ’ ಅನ್ನೋರಿಗೆ ಈ ಲೆಕ್ಕ ತೋರಿಸಿ.

ಅದೇ 50 ಜನರ ಆಲ್-ಪ್ರೋ ಮತದಲ್ಲಿ ಲಮಾರ್‌ಗೆ 30, ಆಲನ್‌ಗೆ 18. ಅಂದ್ರೆ ಕನಿಷ್ಠ ಏಳು ಜನ ‘ಒಳ್ಳೇ ಕ್ವಾರ್ಟರ್‌ಬ್ಯಾಕ್ ಲಮಾರ್, ಆದ್ರೆ ಎಂವಿಪಿ ಅವನಲ್ಲ’ ಅಂತ ಬೇಕೆಂದೇ ಬರೆದಿದ್ದಾರೆ. ಇದು ಹೊಸದೇನಲ್ಲ. 1987ರಲ್ಲೂ ಆಲ್-ಪ್ರೋ ಕ್ವಾರ್ಟರ್‌ಬ್ಯಾಕ್ ಜೋ ಮೊಂಟಾನಾ, ಎಂವಿಪಿ ಜಾನ್ ಎಲ್ವೇ.

ಕಂಬಳದ_ಕೋಣ:
ಲಮಾರ್ ಪರವಾಗಿ ಎಲ್ಲರೂ ಹಿಡಿದುಕೊಂಡು ಬರೋದು ಪಾಸರ್ ರೇಟಿಂಗ್ (ಎಸೆತದ ಗುಣಮಟ್ಟಕ್ಕೆ ಕೊಡೋ ಅಂಕ): ಅವನದ್ದು 119.6, ಆಲನ್‌ದು 101.4. ಅದು ಎಲ್ಲಿಂದ ಬಂತು ಅಂತ ಒಮ್ಮೆ ಕೈಯಾರೆ ಮಾಡಿ ನೋಡಿದ್ರೆ ಅದರ ಯೋಗ್ಯತೆ ಗೊತ್ತಾಗುತ್ತೆ. ಲಮಾರ್ 474 ಎಸೆದು 316 ತಲುಪಿಸಿದ.

316/474 = 0.6667. ಅದರಿಂದ 0.3 ಕಳೆದು 5ರಿಂದ ಗುಣಿಸಿ: 1.83.
ಪ್ರತಿ ಎಸೆತಕ್ಕೆ 8.80 ಯಾರ್ಡ್. 3 ಕಳೆದು 0.25ರಿಂದ ಗುಣಿಸಿ: 1.45.
41/474 ಇಂಟು 20: 1.73.
2.375ರಿಂದ (4/474 ಇಂಟು 25) ಕಳೆಯಿರಿ: 2.16.

ನಾಲ್ಕನ್ನೂ ಕೂಡಿಸಿ, 6ರಿಂದ ಭಾಗಿಸಿ, 100ರಿಂದ ಗುಣಿಸಿದ್ರೆ 119.6. ಯಾವ ಭಾಗವೂ 2.375 ಮೀರೋ ಹಾಗಿಲ್ಲ, ಸೊನ್ನೆಗಿಂತ ಕೆಳಗಿಳಿಯೋ ಹಾಗೂ ಇಲ್ಲ. ಅದಕ್ಕೇ 158.3 ಇದರ ಗರಿಷ್ಠ.

ಆಲನ್‌ದು (483ಕ್ಕೆ 307) ಹೀಗೇ ಮಾಡಿ: 1.68, 1.18, 1.16, 2.06. ದೊಡ್ಡ ಕಂದಕ ಇರೋದು ಮೂರನೇ ಸಾಲಲ್ಲಿ, ಟಚ್‌ಡೌನ್ ಪಾಸ್‌ಗಳಲ್ಲಿ. ಈಗ ಯೋಚಿಸಿ, ಗೋಲ್ ಲೈನ್ ಎರಡು ಗಜ ದೂರದಲ್ಲಿರುವಾಗ ಬಿಲ್ಸ್ ಚೆಂಡನ್ನ ಆಲನ್ ಕೈಲೇ ಬಿಟ್ಟು ನುಗ್ಗಿಸ್ತಾರೆ. ಅವನು ಓಡಿ ಹೊಡೆದ 12 ಟಚ್‌ಡೌನ್‌ಗೆ ರೇಟಿಂಗ್‌ನಲ್ಲಿ ಸೊನ್ನೆ. ಸ್ಯಾಕ್ (ಎಸೆಯೋಕೆ ಮುಂಚೆ ಎದುರಾಳಿ ಕೆಡವೋದು) ಆದ್ರೂ ಲೆಕ್ಕಕ್ಕಿಲ್ಲ. ಆಲನ್ ಸ್ಯಾಕ್ ಆಗಿದ್ದು ಇಡೀ ಸೀಸನ್‌ಗೆ 14 ಸಲ, ಲಮಾರ್ 23.

ಇನ್ನೊಂದು ವಿಷಯ ಜನ ಮರೀತಾರೆ. ದಾಖಲೆಯಲ್ಲಿ ಇಬ್ಬರೂ 17 ಪಂದ್ಯ ಆಡಿದ್ದಾರೆ, ಆದ್ರೆ ಕೊನೇ ವಾರ ಆಲನ್ ಒಂದೇ ಸ್ನ್ಯಾಪ್ (ಒಂದು ಸಲದ ಆಟ) ಆಡಿ ಬೆಂಚಿಗೆ ಹೋದ, ಸತತ ಆರಂಭಗಳ ಸರಣಿ ತುಂಡಾಗಬಾರದು ಅಂತ ಅಷ್ಟೇ. 16ರಿಂದ ಭಾಗಿಸಿದ್ರೆ ಅವನ ಪಾಸಿಂಗ್ ಸರಾಸರಿ 233, ಲಮಾರ್‌ದು 17ಕ್ಕೆ 245. ನಾನೂರು ಚಿಲ್ಲರೆ ಯಾರ್ಡ್‌ನ ಅಂತರ ಪಂದ್ಯಕ್ಕೆ ಹನ್ನೆರಡಕ್ಕೆ ಇಳೀತು.

ಆದ್ರೂ ನನ್ನ ಮತ ಲಮಾರ್‌ಗೇ. ಅಂತರ ಕಿರಿದಾಗುತ್ತೆ ನಿಜ, ಮಾಯವಾಗಲ್ಲ.

ಹುಬ್ಬಳ್ಳಿ_ಟೈಟ್‌ಎಂಡ್:
ನೋಡ್ರಿ, ಅಂಕಿ ಹಿಡಕೊಂಡು ಕುಂತ್ರ ಲಮಾರನ ಗೆಲ್ತಾನ. ಆದ್ರ ಅವನ ಬಾಜೂಕ ಯಾರ ಅದಾರ? ಡೆರಿಕ್ ಹೆನ್ರಿ, 1,921 ಯಾರ್ಡ್ ಓಡಿದ ಮನಿಷಾ. ಡಿಫೆನ್ಸ್‌ನವರು ಹೆನ್ರಿನ ತಡೀಬೇಕಂತ ಮುಂದ ಒತ್ತಿ ನಿಂತ್ರ ಹಿಂದ ಬಯಲ ಬಿಡ್ತೈತಿ, ಲಮಾರ್ ಅಲ್ಲೇ ಒಗೀತಾನ.

ಆಲನ್ ಕಡೆ ನೋಡ್ರಿ. 2024ರ ಏಪ್ರಿಲ್‌ನಾಗ ಒಗದ ಚೆಂಡು ಹಿಡಿಯೂ ಸ್ಟೆಫನ್ ಡಿಗ್ಸ್‌ನ ಹ್ಯೂಸ್ಟನ್‌ಗೆ ಕಳಿಸಿಬಿಟ್ರು. ಗೇಬ್ ಡೇವಿಸ್ ಜಾಕ್ಸನ್‌ವಿಲ್‌ಗೆ ಹೋದ. ತಂಡದಾಗ ಎಲ್ಲಾರ್ಕಿಂತ ಹೆಚ್ಚು ಹಿಡಿದ ಖಲೀಲ್ ಶಕೀರ್‌ಂದು ಬರೇ 821 ಯಾರ್ಡ್. ಇಷ್ಟರ ಮ್ಯಾಲೆ 13-4 (ಗೆದ್ದದ್ದು-ಸೋತದ್ದು)! ಇಡೀ ಸೀಸನ್‌ಗೆ ತಂಡ ಚೆಂಡು ಕಳಕೊಂಡದ್ದು ಎಂಟ ಸಲ.

ಮತ್ತ ಕಾನ್ಸಾಸ್ ಸಿಟಿ ಚೀಫ್ಸ್ ಮ್ಯಾಚ್ ಒಂದ್ಸಲ ತಗದು ನೋಡ್ರಿ. ಅವರು 9-0 ಇದ್ರು. ಬಿಲ್ಸ್ 23-21 ಮುಂದ, ನಾಲ್ಕನೇ ಡೌನ್ (ಕೊನೇ ಅವಕಾಶ), ಎರಡು ಯಾರ್ಡ್ ಬೇಕು. ಫೀಲ್ಡ್ ಗೋಲ್ (ಒದ್ದು ತಗೊಳ್ಳೂ ಮೂರು ಪಾಯಿಂಟ್) ಹೊಡದ್ರ 26 ಆಗ್ತಿತ್ತು, ಆದ್ರ ಅವರ ಕ್ವಾರ್ಟರ್‌ಬ್ಯಾಕ್ ಮಹೋಮ್ಸ್ ಕೈಯಾಗ ಚೆಂಡು ಕೊಟ್ಟಂಗ ಆಗ್ತಿತ್ತು, ಒಂದ ಟಚ್‌ಡೌನ್ ಸಾಕು ಅವರಿಗೆ. ಆಲನ್ ಒಗೀಲಿಕ್ಕೆ ಹಿಂದ ಸರದ, ಯಾರೂ ಖುಲ್ಲಾ ಇರಲಿಲ್ಲ, ತಾನ ನುಗ್ಗಿ 26 ಯಾರ್ಡ್ ಓಡಿ ಟಚ್‌ಡೌನ್ ಹೊಡದ. 30-21. ಮತ ಹಾಕವರ ತಲ್ಯಾಗ ಉಳ್ಯೂದು ಇಂಥಾದ್ದರೀ.

ಕೊನೇಬೆಂಚು:
ಅಲ್ರೀ, ನಾಲ್ಕನೇ ವಾರದಲ್ಲಿ ಇವರಿಬ್ಬರೂ ಎದುರುಬದುರಾದಾಗ ರೇವನ್ಸ್ 35-10ರಲ್ಲಿ ಮಣ್ಣು ಮುಕ್ಕಿಸಿತಲ್ಲ? ಮರುವಾರ ಹ್ಯೂಸ್ಟನ್‌ನಲ್ಲಿ ಆಲನ್ 30 ಎಸೆದು ತಲುಪಿಸಿದ್ದು 9. ಎಂವಿಪಿ ಆಡೋ ಆಟವಾ ಅದು?

ನಾಲ್ಕನೇ_ಡೌನ್:
ಆ 35-10ರಲ್ಲಿ ಲಮಾರ್ ಎಸೆದಿದ್ದು 156 ಯಾರ್ಡ್ ಅಷ್ಟೇ, ಹೆನ್ರಿ ಓಡಿದ್ದು 199. ರೇವನ್ಸ್‌ನ ಮೊದಲ ಆಟಕ್ಕೇ 87 ಯಾರ್ಡ್ ಟಚ್‌ಡೌನ್ ಹೊಡೆದುಬಿಟ್ಟ. ಹುಬ್ಬಳ್ಳಿಯವರ ವಾದಕ್ಕೆ ಆ ಪಂದ್ಯವೇ ಸಾಕ್ಷಿ.

ಮೇಲಾಗಿ ಅದು ಸೆಪ್ಟೆಂಬರ್. ಮತದಾರರ ಮನಸ್ಸು ಗಟ್ಟಿಯಾಗೋದು ಡಿಸೆಂಬರ್‌ನಲ್ಲಿ. ರ‍್ಯಾಮ್ಸ್ ವಿರುದ್ಧ 44-42ರಲ್ಲಿ ಸೋತರೂ ಆಲನ್ ಮೂರು ಟಚ್‌ಡೌನ್ ಎಸೆದ, ಮೂರು ಓಡಿ ಹೊಡೆದ. ಮರುವಾರ ಸತತ 11 ಗೆದ್ದು ಕೂತಿದ್ದ ಡೆಟ್ರಾಯ್ಟ್‌ನ ಅವರ ಮನೆಯಲ್ಲೇ 48-42ರಿಂದ ಮಣಿಸಿದ. ಲಮಾರ್ ತಂಡ ಸೋತಿದ್ದು ಯಾರಿಗೆ ನೋಡಿ: ಸೀಸನ್ ಕೊನೆಗೆ 4-13 ಆದ ರೈಡರ್ಸ್‌ಗೆ, 3-14 ಆದ ಬ್ರೌನ್ಸ್‌ಗೆ.

ಕಂಬಳದ_ಕೋಣ:
ಅಂದ್ರೆ ಸೋತ ಪಂದ್ಯದ ಅಂಕಿ ಆಲನ್‌ಗೆ ಜಮೆ, ಸೋತ ಪಂದ್ಯದ ಫಲಿತಾಂಶ ಲಮಾರ್‌ಗೆ ಖರ್ಚು. ಚೆನ್ನಾಗಿದೆ ಖಾತೆ!

ತಮಾಷೆ ಅಂದ್ರೆ 2023ರಲ್ಲಿ ಇದೇ ವಾದ ತಲೆಕೆಳಗಾಗಿ ನಡೆದಿತ್ತು. ಆವಾಗ ಎಸೆತ, ಓಟ ಸೇರಿ ಆಲನ್‌ದು 44 ಟಚ್‌ಡೌನ್, ಲಮಾರ್‌ದು 29. ಲಮಾರ್‌ಗೆ 50ರಲ್ಲಿ 49 ಮೊದಲ ಸ್ಥಾನ, ಉಳಿದ ಒಂದು ಆಲನ್‌ಗೆ. ಆಲನ್ 18 ಇಂಟರ್‌ಸೆಪ್ಶನ್ ಕೊಟ್ಟಿದ್ದ ಅನ್ನೋದು ನಿಜ. ಆದ್ರೆ ‘ಅಂಕಿ ಮುಖ್ಯ ಅಲ್ಲ, ತಂಡ ನಂಬರ್ ಒನ್ ಸೀಡ್ (ಪ್ಲೇಆಫ್‌ಗೆ ಮೊದಲ ಶ್ರೇಯಾಂಕ)’ ಅಂತ ಆವಾಗ ಹೇಳಿದ್ದ ಲಮಾರ್ ಅಭಿಮಾನಿಗಳೇ ವರ್ಷದೊಳಗೆ ಅಂಕಿಪಟ್ಟಿ ಹಿಡಿದು ಬಂದ್ರು. ನಾನೂ ಸೇರಿದಂತೆ.

ನಾಲ್ಕನೇ_ಡೌನ್:
ಬಾರ್ಕ್ಲಿ ವಿಷಯ ಬಾಕಿ ಉಳೀತು. ರನ್ನಿಂಗ್ ಬ್ಯಾಕ್‌ಗೆ ಕೊನೇ ಸಲ ಎಂವಿಪಿ ಸಿಕ್ಕಿದ್ದು 2012ರಲ್ಲಿ ಏಡ್ರಿಯನ್ ಪೀಟರ್ಸನ್‌ಗೆ, 2,097 ಯಾರ್ಡ್‌ಗೆ. 1984ರ ಎರಿಕ್ ಡಿಕರ್ಸನ್ ದಾಖಲೆ 2,105ಕ್ಕೆ ಎಂಟೇ ಎಂಟು ಕಮ್ಮಿ. 2020ರಲ್ಲಿ ಹೆನ್ರಿ 2,027 ಓಡಿದ, ಎಂವಿಪಿ ಕ್ವಾರ್ಟರ್‌ಬ್ಯಾಕ್ ಆರನ್ ರಾಜರ್ಸ್‌ಗೆ ಹೋಯ್ತು. ಅಂದ್ರೆ ಎರಡು ಸಾವಿರ ದಾಟಿದ್ರೂ ಸಾಲದು. ಬಾರ್ಕ್ಲಿಗೆ ದಾಖಲೆ ಮುರಿಯೋಕೆ 101 ಬೇಕಿತ್ತು, ಕೊನೇ ಪಂದ್ಯಕ್ಕೆ ಈಗಲ್ಸ್ ಅವನನ್ನ ಕೂರಿಸಿಬಿಟ್ರು. ಪ್ಲೇಆಫ್‌ಗೆ ಕಾಲು ಕಾಪಾಡಿಕೊಳ್ಳೋದು ತಂಡಕ್ಕೆ ಮುಖ್ಯವಾಗಿತ್ತು, ಕೊನೆಗೆ ಸೂಪರ್ ಬೌಲೂ (ಲೀಗ್‌ನ ಫೈನಲ್) ಗೆದ್ರು. ಬಾರ್ಕ್ಲಿಗೆ ವರ್ಷದ ಶ್ರೇಷ್ಠ ಅಫೆನ್ಸ್ ಆಟಗಾರ ಪ್ರಶಸ್ತಿ ಬಂತು, ಎಂವಿಪಿ ಮತದಲ್ಲಿ ಮೂರನೇ ಸ್ಥಾನ.

ಹುಬ್ಬಳ್ಳಿ_ಟೈಟ್‌ಎಂಡ್:
ಕ್ವಾರ್ಟರ್‌ಬ್ಯಾಕ್ ಅಲ್ಲದವರಿಗೆ ಸಿಗೂದಿಲ್ಲ ಅಂತ ಅಳಬ್ಯಾಡ್ರಿ. 1982ರಾಗ ಸ್ಟ್ರೈಕ್ ಆಗಿ ಒಂಬತ್ತ ಮ್ಯಾಚ್ ನಡದಾಗ ವಾಷಿಂಗ್ಟನ್ ಕಿಕ್ಕರ್ ಮಾರ್ಕ್ ಮೋಸ್ಲಿಗೆ ಕೊಟ್ಟಿದ್ರು. 21 ಫೀಲ್ಡ್ ಗೋಲ್‌ನಾಗ 20 ಹೊಡದಿದ್ದ!