ತಾಯಿಗೆ ಶುಗರ್, ಮಗುವಿನ ಗ್ಲೂಕೋಸ್ 34: ಎದೆಹಾಲೇ ಸಾಕಾ?

ಹೆರಿಗೆವಾರ್ಡ್: ತಾಯಿ ಬಸುರಿನಲ್ಲಿ ಇನ್ಸುಲಿನ್ ತಗೊಳ್ತಿದ್ದರು. 38 ವಾರ, ಮಗು 3.8 ಕೆ.ಜಿ. ಹುಟ್ಟಿದ ಮುಕ್ಕಾಲು ಗಂಟೆಗೆ ಎದೆಗೆ ಹಾಕಿದ್ದೇವೆ. ಮತ್ತೆ ಅರ್ಧ ಗಂಟೆ ಬಿಟ್ಟು ಗ್ಲೂಕೋಮೀಟರ್‌ನಲ್ಲಿ ನೋಡಿದರೆ 34 (ಮಿ.ಗ್ರಾಂ./ಡಿ.ಲೀ.). ಮಗು ಚುರುಕಾಗಿದೆ. ಡಬ್ಬಿ ಹಾಲು ಬೇಡ ಅಂತ ತಾಯಿ, ಜೇನುತುಪ್ಪ ನೆಕ್ಕಿಸಿ ಅಂತ ಅಜ್ಜಿ. ಮುಂದೇನು?

ಒಳಲೆ: ಜೇನುತುಪ್ಪ ಖಂಡಿತ ಬೇಡ, ಬಾಟ್ಯುಲಿಸಂ (ಬ್ಯಾಕ್ಟೀರಿಯಾದ ವಿಷದಿಂದ ಬರುವ ಕಾಯಿಲೆ) ಅಪಾಯ ಇದೆ. ಡಾಕ್ಟರಿಗೆ ಈಗಲೇ ತಿಳಿಸಿ. ಮೊದಲ 4 ಗಂಟೆಯೊಳಗೆ, ಲಕ್ಷಣ ಇಲ್ಲದ ಮಗುವಿಗೆ 34 ಬಂದರೆ ಸಾಮಾನ್ಯವಾಗಿ ನೇರ ಡ್ರಿಪ್‌ಗೆ ಹೋಗುವುದಿಲ್ಲ. 40% ಡೆಕ್ಸ್ಟ್ರೋಸ್ ಜೆಲ್ ಇದ್ದರೆ ಕೆ.ಜಿ.ಗೆ 0.5 ಮಿ.ಲೀ., ಅಂದರೆ ಈ ಮಗುವಿಗೆ 1.9. ಕೆನ್ನೆಯ ಒಳಭಾಗವನ್ನು ಗಾಜ್‌ನಿಂದ ಒರೆಸಿ, ಎರಡೂ ಕಡೆ ಜೆಲ್ ಸ್ವಲ್ಪಸ್ವಲ್ಪವೇ ತಿಕ್ಕಿ. ಕೂಡಲೇ ಎದೆಗೆ ಹಾಕಿ. ಜೆಲ್ ಇಲ್ಲವಾ, ಹಿಂಡಿದ ಹಾಲೇ ಗತಿ. ಪಂಪ್ ಬೇಡ, ಮೊದಲ ಹಾಲು ಅಂಟಂಟು, ಬಾಟಲಿಗೆ ಮೆತ್ತಿಕೊಂಡೇ ಹೋಗುತ್ತೆ. ತೊಟ್ಟಿನಿಂದ 2–3 ಸೆಂ.ಮೀ. ಹಿಂದೆ ಬೆರಳಿಟ್ಟು, ಎದೆಗೂಡಿನತ್ತ ಒತ್ತಿ, ಆಮೇಲೆ ಹಿಂಡಿ. ಸಿಕ್ಕಷ್ಟೂ ಒಳಲೆಯಲ್ಲಿ (ಮೂತಿಯಿರುವ ಪುಟ್ಟ ಬಟ್ಟಲು) ಕುಡಿಸಿ, ತಾಯಿಯ ಎದೆ ಮೇಲೆ ಮೈಗೆ ಮೈ ತಾಗಿಸಿ ಮಲಗಿಸಿ. ಚಳಿಯಾದರೆ ಮಗು ಇರೋ ಸಕ್ಕರೆಯನ್ನೂ ಸುಟ್ಟುಕೊಳ್ಳುತ್ತೆ. ಒಂದು ಗಂಟೆಗೆ ಮತ್ತೆ ನೋಡಿ.

ಲ್ಯಾಬ್‌ಕಡೆಯವ: ಆ 34 ನಿಜವಾ? ರಕ್ತ ತೆಗೆದ ಹಿಮ್ಮಡಿ ತಣ್ಣಗಿತ್ತಾ? ಸ್ಪಿರಿಟ್ ಒಣಗಿತ್ತಾ? ಶುಗರ್ ಇದ್ದ ತಾಯಂದಿರ ಮಕ್ಕಳಲ್ಲಿ ರಕ್ತ ದಪ್ಪ ಇರುವುದು ಹೆಚ್ಚು, ಆಗ ಮೀಟರ್ ಕಡಿಮೆ ತೋರಿಸಬಹುದು. ಸ್ಯಾಂಪಲ್ ಕಳಿಸಿ, ಆದರೆ ಮೇಜಿನ ಮೇಲೆ ಕೂರಿಸಬೇಡಿ. ಕೆಂಪು ಕಣಗಳು ಟ್ಯೂಬ್‌ನಲ್ಲೂ ಗ್ಲೂಕೋಸ್ ತಿನ್ನುತ್ತಲೇ ಇರುತ್ತವೆ. ರಿಪೋರ್ಟ್ ಬರಲಿ ಅಂತ ಹಾಲು ಮಾತ್ರ ನಿಲ್ಲಿಸಬೇಡಿ.

ಹೆರಿಗೆವಾರ್ಡ್: ಹಾಗಾದರೆ ಡ್ರಿಪ್ ಯಾವಾಗ? ಎಷ್ಟು ಹೊತ್ತು ನೋಡ್ತಿರಬೇಕು?

ಒಳಲೆ: 25ಕ್ಕಿಂತ ಕೆಳಗೆ ಹೋದರೆ, ಹಾಲು ಕೊಟ್ಟರೂ ಏರದಿದ್ದರೆ, ಇಲ್ಲವೇ ಮಂಪರು, ಹಾಲು ಚೀಪದಿರುವುದು, ಉಸಿರು ನಿಲ್ಲುವುದು, ಫಿಟ್ಸ್ ಕಂಡರೆ ತಡ ಬೇಡ. ಕೈಕಾಲು ಅದುರಿದರೆ ಹಿಡಿದು ನೋಡಿ: ಹಿಡಿದಾಗ ನಿಂತರೆ ನಡುಕ, ನಿಲ್ಲದಿದ್ದರೆ ಫಿಟ್ಸ್. ಎರಡಕ್ಕೂ ಶುಗರ್ ನೋಡಲೇಬೇಕು. ಡಿ10 (10% ಡೆಕ್ಸ್ಟ್ರೋಸ್ ದ್ರಾವಣ) ರಕ್ತನಾಳಕ್ಕೆ ಕೆ.ಜಿ.ಗೆ 2 ಮಿ.ಲೀ., ಇಲ್ಲಿ 7.6, ನಿಧಾನವಾಗಿ ಕೊಟ್ಟು ಬೆನ್ನಿಗೇ ನಿಮಿಷಕ್ಕೆ ಕೆ.ಜಿ.ಗೆ 6 ಮಿ.ಗ್ರಾಂ. ಗ್ಲೂಕೋಸ್ ಹೋಗುವಂತೆ ಅದೇ ಡಿ10 ಡ್ರಿಪ್, ಈ ತೂಕಕ್ಕೆ ಗಂಟೆಗೆ ಸುಮಾರು 13.7 ಮಿ.ಲೀ. ಬೋಲಸ್ (ಮೊದಲು ಒಮ್ಮೆಗೆ ಕೊಡುವ ಆ ಡೋಸ್) ಒಂದೇ ಕೊಟ್ಟು ಬಿಟ್ಟರೆ ಮಗುವಿನ ಇನ್ಸುಲಿನ್ ಏರಿ ಶುಗರ್ ಮತ್ತೆ ಕುಸಿಯುತ್ತೆ. ಡ್ರಿಪ್ ಇದ್ದರೂ ಎದೆಹಾಲು ಮುಂದುವರಿಸಬಹುದು.

2–3 ಗಂಟೆಗೊಮ್ಮೆ, ಹಾಲು ಕೊಡುವ ಮುಂಚೆ ನೋಡಿ, 45 ಮೇಲಿರಬೇಕು. ಇಂಥ ಮಗುವಿಗೆ ಕನಿಷ್ಠ 12 ಗಂಟೆ. ತೂಕ ಕಡಿಮೆ ಇದ್ದವರಿಗೆ, 37 ವಾರಕ್ಕೆ ಮುಂಚೆ ಹುಟ್ಟಿದವರಿಗೆ 24. ಹಿಂಡಿದ ಹಾಲು ಸಾಲದೆ ಡಬ್ಬಿ ಹಾಲು ಬೇಕಾದರೆ ಅಳೆದು, ಒಳಲೆಯಲ್ಲೇ ಕೊಡಿ, ಬಾಟಲಿ ಬೇಡ. ಒಂದೆರಡು ಸಲಕ್ಕೆ ಎದೆಹಾಲಿನ ಅಭ್ಯಾಸ ತಪ್ಪಿಹೋಗಲ್ಲ ಅಂತ ತಾಯಿಗೆ ಹೇಳಿ.