ಅಪ್‌ಡೇಟ್: 1.030ಕ್ಕೆ ನಿಂತುಹೋಗಿದ್ದ ಕೆಂಪು ವೈನ್ ಕೊನೆಗೂ ಹುದುಗಿತು

ಕಿಟ್‌ನಿಂದ ಹಾಕಿದ 23 ಲೀಟರ್ ಕ್ಯಾಬರ್ನೆ ಸೊವಿನ್ಯೋನ್ ಎಂಬ ಕೆಂಪು ದ್ರಾಕ್ಷಿಯ ವೈನಿನ ಹೈಡ್ರೋಮೀಟರ್ (ದ್ರವದ ಸಾಂದ್ರತೆ ಅಳೆಯುವ, ತೇಲುವ ಗಾಜಿನ ಕೊಳವೆ) ಅಳತೆ ವಾರದಿಂದ 1.030ರಲ್ಲೇ ನಿಂತಿದೆ, ಏನು ಮಾಡಲಿ ಎಂದು ಹನ್ನೆರಡು ದಿನಗಳ ಹಿಂದೆ ಕೇಳಿದ್ದೆ. ಸಕ್ಕರೆ ಹುದುಗಿ ಆಲ್ಕೋಹಾಲ್ ಆದಂತೆ ಈ ಅಳತೆ ಇಳಿಯಬೇಕು. ಈಗ ಅದು 0.995ಕ್ಕೆ ಇಳಿದಿದೆ. ಸಲಹೆ ನೀಡಿದ ಎಲ್ಲರಿಗೂ ಮನಃಪೂರ್ವಕ ಕೃತಜ್ಞತೆಗಳು.

ಫಲ ಕೊಟ್ಟದ್ದು ಬೆಚ್ಚಗಿಡಬೇಕೆಂಬ ಸಲಹೆ. ವಿಜಯಪುರದಲ್ಲಿ ಎಲ್ಲಿಯ ಚಳಿ ಎಂದುಕೊಂಡಿದ್ದ ನಾನು ಡಿಸೆಂಬರಿನ ಒಂದು ನಸುಕಿನಲ್ಲಿ ಅಳೆದು ನೋಡಿದಾಗ, ಹಾಸುಗಲ್ಲಿನ ನೆಲದ ಮೇಲಿದ್ದ ಪಾತ್ರೆ 15 ಡಿಗ್ರಿ ತೋರಿಸಿತು. ಅದನ್ನು ಅಡುಗೆಮನೆಯ ಮೂಲೆಯಲ್ಲಿ ಮರದ ಮಣೆಯ ಮೇಲಿರಿಸಿ, ಅವ್ವನ ಹಳೆಯ ಕೌದಿ ಸುತ್ತಿ 23 ಡಿಗ್ರಿಗೆ ತಂದು, ತಳದಲ್ಲಿ ಕೆನೆಯಂತೆ ಕುಳಿತಿದ್ದ ಯೀಸ್ಟನ್ನು ಮೆಲ್ಲನೆ ಕಲಕಿದ ಮರುದಿನವೇ ಏರ್‌ಲಾಕ್ (ಹುದುಗುವಾಗ ಬರುವ ಅನಿಲವನ್ನು ಹೊರಬಿಡುವ ನೀರಿನ ಬಿರಡೆ) ಗುಳುಗುಳು ಎನ್ನತೊಡಗಿತು. ಅದಕ್ಕೂ ಮೊದಲು ಒಣ ಯೀಸ್ಟನ್ನು ನೇರವಾಗಿ ಮೇಲೆ ಉದುರಿಸಿದ್ದು ವ್ಯರ್ಥವಾಯಿತು. ಸಕ್ಕರೆ ಸೇರಿಸುವ ಸಲಹೆಯನ್ನು ಪಾಲಿಸಲಿಲ್ಲ. ಅದು ಆಲ್ಕೋಹಾಲನ್ನು ಹೆಚ್ಚಿಸುತ್ತದೆಯೇ ಹೊರತು ವೈನಿಗೆ ಮೈಕಟ್ಟು, ಅಂದರೆ ಬಾಯಿ ತುಂಬುವ ಗಾಢತೆ, ಕೊಡುವುದಿಲ್ಲ.

ನನಗೆ ಅಚ್ಚರಿ ತಂದದ್ದು ಇನ್ನೊಂದು: ಹೈಡ್ರೋಮೀಟರಿಗೆ ಅಂಟಿಕೊಳ್ಳುವ ಅನಿಲದ ಸಣ್ಣ ಗುಳ್ಳೆಗಳು ಅದನ್ನು ಮೇಲೆತ್ತಿ ಅಳತೆಯನ್ನು ಹೆಚ್ಚಾಗಿ ತೋರಿಸುತ್ತವೆ. ಹಾಗಾಗಿ ಈಗ ಅದನ್ನು ಒಮ್ಮೆ ತಿರುಗಿಸಿ, ಗುಳ್ಳೆಗಳನ್ನು ಉದುರಿಸಿದ ಮೇಲೆಯೇ ಓದುತ್ತೇನೆ. ನಿನ್ನೆ ರುಚಿ ನೋಡಿದೆ. ಸಿಹಿ ಹೋಗಿ, ನಾಲಿಗೆ ಹಿಡಿಯುವ ಒಳ್ಳೆಯ ಒಗರು ಬಂದಿದೆ.